ತಿಪ್ಪನಿಗೆ ಮೂರು ತುಂಬಿತು

ತಿಪ್ಪ ಅಲೆಯತ್ತ ಓಡಿದ. ಗೌರಮ್ಮ ಎದ್ದಳು. ಅವಳಿಗಿಂತ ಮೊದಲೇ ಮೀನಾಕ್ಷಮ್ಮ ಎದ್ದಿದ್ದಳು.

"ನೀ ಕೂತ್ಕೊ ಗೌರಿ, ನಾನ್ ಹಿಡೀತೀನಿ."

ಸೆರಗು ಬಿಗಿದು ಓಡಿದ ಮೀನಾಕ್ಷಮ್ಮ ಮಗುವನ್ನು ಎತ್ತಿಕೊಂಡಳು. ಎತ್ತಿಕೊಂಡ ಮೇಲೆ ಇಳಿಸಲಿಲ್ಲ. ಮಲ್ಪೆಗೆ ಬಂದ ಎರಡು ದಿನದಲ್ಲಿ ಇದು ಎಷ್ಟನೆಯ ಸಲವೋ, ಗೌರಮ್ಮ ಗಮನಿಸುತ್ತಲೇ ಇದ್ದಳು.

"ಅವ್ವಾ, ಕೆರೆ ಅಟ್ಟಿಸ್ಕೊಂಡ್ ಬತ್ತೈತೆ!" ತಿಪ್ಪ ಗೌರಮ್ಮನತ್ತ ಎರಡೂ ಕೈ ಚಾಚಿ ಕೂಗಿದ. "ಬುಡು ಅಕ್ಕ, ಅವ್ವನ್ ತಾವ ಬುಡು!"

ಮೀನಾಕ್ಷಮ್ಮ ಬಿಟ್ಟಳು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೀರೆಯ ಮರಳು ಕೊಡವಿದಳು.

ಅವಳ ಗಂಡ ಗಂಗಾಧರಯ್ಯ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವವನು. ದಡದ ತೆಂಗಿನ ಮರಗಳನ್ನು ಬೆಳಗಿನಿಂದ ಆಕ್ಷೇಪಿಸುತ್ತಿದ್ದ. "ಈ ಜನಕ್ಕೆ ತಾಳ್ಮೇನೇ ಇಲ್ಲ ಕಣಮ್ಮ. ಎಳನೀರಲ್ಲೇ ಕಿತ್ತು ಕುಡಿದ್ಬುಡ್ತಾರೆ. ನಾವಾದ್ರೆ ವರ್ಷಗಟ್ಲೆ ಅಟ್ಟದ್ ಮೇಲೆ ಮಲಗಿಸ್ತೀವಿ."

"ಮಲಗ್ಸಿ ಮಲಗ್ಸಿ ನೀವೂ ಒಣಗೋಗಿದೀರಿ," ಎಂದಳು ಮೀನಾಕ್ಷಮ್ಮ.

ಮೂವರೂ ನಕ್ಕರು. ನಗು ಬೇಗ ಮುಗಿಯಿತು.

"ಕಾಯೋದು ನಮ್ಗೆ ರೂಢಿ," ಎಂದ ಗಂಗಾಧರಯ್ಯ, ತಿಪ್ಪನ ಬೋಳು ತಲೆಯನ್ನೇ ನೋಡುತ್ತ. "ಇವತ್ತಿಗೆ ಇವ್ನಿಗೆ ಮೂರು ತುಂಬ್ತು."



ಅರಳಗುಪ್ಪೆಯಲ್ಲಿ ಅವರ ಎರಡು ಮನೆಗಳಿಗೆ ನಡುಗೋಡೆ ಒಂದೇ. ಗೌರಮ್ಮ ಮೈಸೂರಿನಲ್ಲಿ ಬಿ.ಎ. ಮುಗಿಸಿ ಆ ಊರಿಗೆ ಸೊಸೆಯಾಗಿ ಬಂದವಳು. ಒಂದೂವರೆ ವರ್ಷಕ್ಕೆ ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡ. ಅದಾದ ಎಂಟನೆಯ ತಿಂಗಳಿಗೆ ತಿಪ್ಪ ಅವಳ ಮಡಿಲಿಗೆ ಬಂದ. ಅವಳಿಗೆ ಹಾಲಿರಲಿಲ್ಲ. ಮೀನಾಕ್ಷಮ್ಮನೇ ದಿನಕ್ಕೆ ನಾಲ್ಕು ಸಲ ಬಂದು ಕುಡಿಸಿ ಹೋಗುತ್ತಿದ್ದಳು. ಮೂರು ಕೂಸುಗಳನ್ನು ತೋಟದ ಮೂಲೆಯಲ್ಲಿ ಮಣ್ಣು ಮಾಡಿ, ಒಂದೊಂದರ ಮೇಲೂ ಒಂದು ತೆಂಗಿನ ಸಸಿ ನೆಟ್ಟವಳು ಮೀನಾಕ್ಷಮ್ಮ. ಕುಡಿಸುವಾಗ ಮಗುವಿನ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು.

ಈಗ ನೋಡುತ್ತಿದ್ದಾಳೆ. ಕಣ್ಣು ಕೀಳದೆ ನೋಡುತ್ತಿದ್ದಾಳೆ.

ಮೊನ್ನೆ ಧರ್ಮಸ್ಥಳದಲ್ಲಿ ಮುಡಿ ಕೊಡುವಾಗ ಕ್ಷೌರಿಕ, "ತಾಯಿ ತೊಡೆ ಮೇಲೆ ಕೂರಿಸ್ಕೊಳ್ಳಿ," ಎಂದಾಗ ಇಬ್ಬರೂ ಒಟ್ಟಿಗೇ ಕೂತುಬಿಟ್ಟಿದ್ದರು. ತಿಪ್ಪ ನೇರ ಗೌರಮ್ಮನ ತೊಡೆ ಹತ್ತಿದ. ಮೀನಾಕ್ಷಮ್ಮ ಎದ್ದು, ಕೆಡದಿದ್ದ ನೆರಿಗೆಯನ್ನು ಸರಿಮಾಡಿಕೊಂಡಳು.

ಊರಿಗೆ ಮರಳಿದರೆ ಮಗು ತನಗೆ ಉಳಿಯುವುದಿಲ್ಲವೆಂದು ಗೌರಮ್ಮನಿಗೆ ಗೊತ್ತಿತ್ತು. ಗಂಗಾಧರಯ್ಯನ ತಾಯಿ ಹೊರಡುವಾಗಲೇ ಬಾಯಿಬಿಟ್ಟು ಹೇಳಿದ್ದಳು: "ಒಂಟಿ ಹೆಂಗ್ಸು ನೀನು. ನಿಂಗೂ ಒಂದು ಬದುಕು ಬೇಕಲ್ವಾ? ಮಗ ನಮ್ಮನೇಲಿ ಬೆಳೀಲಿ." ಗೌರಮ್ಮ ತಲೆಯಾಡಿಸಿ ಬಂದಿದ್ದಳು. ಆದರೆ ಅವಳು ಜೊತೆಗೆ ತಂದಿದ್ದ ಟ್ರಂಕಿನ ತಳದಲ್ಲಿ ಹೊನ್ನಾವರದ ಹೈಸ್ಕೂಲೊಂದರ ನೇಮಕದ ಪತ್ರವಿತ್ತು. ಅದನ್ನು ಯಾರಿಗೂ ತೋರಿಸಿರಲಿಲ್ಲ.

ಮಧ್ಯಾಹ್ನ ಊಟವಾಗಿ ಗಂಡ ಹೆಂಡತಿ ಲಾಡ್ಜಿನಲ್ಲಿ ಒರಗಿದರು. ಗೌರಮ್ಮ ಪತ್ರ, ಮಗುವಿನ ಎರಡು ಅಂಗಿ ಕೈಚೀಲಕ್ಕೆ ಹಾಕಿಕೊಂಡಳು. ತಿಪ್ಪನನ್ನು ಎತ್ತಿಕೊಂಡು ಉಡುಪಿಗೆ ಬಂದಳು. ಹೊನ್ನಾವರದ ಬಸ್ಸು ನಿಂತಿತ್ತು. ಹತ್ತಿ ಕೂತಳು.

"ಮಗು ನಿಮ್ಮದಾ? ಮೂರು ಆಗಿದ್ರೆ ಅರ್ಧ ಟಿಕೇಟು ಬೇಕು," ಎಂದ ಕಂಡಕ್ಟರು.

ಗೌರಮ್ಮ ಬಾಯಿ ತೆರೆದಳು. ಮತ್ತೆ ತಲೆ ತಗ್ಗಿಸಿ ಕೈಚೀಲದಲ್ಲಿ ಚಿಲ್ಲರೆ ತಡಕಿದಳು. ಅವನು, ಆಮೇಲೆ ಬರುತ್ತೇನೆಂದು ಮುಂದೆ ಹೋದ.

ತಿಪ್ಪ ಪಕ್ಕದ ಖಾಲಿ ಸೀಟನ್ನು ಅಂಗೈಯಿಂದ ಬಡಿದ. "ಇಲ್ಲಿ ಅಕ್ಕ ಕೂತ್ಕತಾಳೆ."

"ಅಕ್ಕ ಬರಲ್ಲ ಕಂದ."

"ಅಳ್ತಾಳೆ."

"ಯಾರು ಹೇಳಿದ್ರು?"

"ದಿನಾ ಅಳ್ತಾಳೆ. ನಾನ್ ನಿದ್ದೆ ಮಾಡ್ವಾಗ ಮುಟ್ಕಂಡ್ ಅಳ್ತಾಳೆ. ನಾನ್ ಸುಮ್ಕೆ ಕಣ್ ಮುಚ್ಕಂಡಿರ್ತೀನಿ!" ಎಂದು ತಿಪ್ಪ ಗೆದ್ದವನಂತೆ ನಕ್ಕ.

ಡ್ರೈವರು ಹತ್ತಿ ಇಂಜಿನ್ ಶುರು ಮಾಡಿದ. ಗೌರಮ್ಮ ಒಂದು ಗಳಿಗೆ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಆಮೇಲೆ ಮಗುವನ್ನು ಎತ್ತಿಕೊಂಡು ಇಳಿದಳು.

ಮೀನಾಕ್ಷಮ್ಮ ಲಾಡ್ಜಿನ ಮೆಟ್ಟಿಲ ಮೇಲೆ ಕೂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಪಾದಗಳೆರಡೂ ಕೆಂಪು ಧೂಳಾಗಿದ್ದವು.

"ಎಲ್ಲೋಗಿದ್ಯೇ?"

"ಬಸ್ ತೋರ್ಸೋಕೆ."

"ತೋರ್ಸಿದ್ಯಾ?"

"ತೋರ್ಸಿದೆ."

"ಸರಿ ಬುಡು." ಅಷ್ಟೇ ಅಂದಳು. ಕೈಚೀಲದಿಂದ ಇಣುಕುತ್ತಿದ್ದ ಪುಟ್ಟ ಅಂಗಿಯನ್ನು ಕಂಡೂ ಕಾಣದಂತೆ ಎದ್ದು ಒಳಗೆ ಹೋದಳು.

ಸಂಜೆ ಮೂವರೂ ಮರಳಿನ ಮೇಲೆ ಕೂತರು. ಗಂಗಾಧರಯ್ಯ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದ. "ನಮ್ಮವ್ವ ಹೇಳವ್ಳೆ. ಮುಡಿ ಆದ್ಮೇಲೆ, ಊರ್ ಗಡಿ ತುಳಿಯೋಕ್ ಮುಂಚೆ ಆಗ್ಬೇಕಂತೆ." ಅವನ ದನಿ ತಪ್ಪು ಮಾಡಿದವನದಂತಿತ್ತು.

ಗಂಟಿನಲ್ಲಿದ್ದುದು ಒಂದು ಸೇರು ತೌಡು.

"ಇಷ್ಟೇನಾ?" ಎಂದಳು ಗೌರಮ್ಮ.

"ಇಷ್ಟೇ ಕಣೇ." ಮೀನಾಕ್ಷಮ್ಮ ಗಂಟಿನಂಚಿಗೆ ಚೆಲ್ಲಿದ ತೌಡನ್ನು ಬೆರಳಿನಿಂದ ಒಳಗೆ ಸೇರಿಸಿದಳು. "ಹೆಚ್ಚೂ ಇರಬಾರ್ದು, ಕಮ್ಮೀನೂ ಇರಬಾರ್ದು."

ಗೌರಮ್ಮ ತಿಪ್ಪನನ್ನು ಮೀನಾಕ್ಷಮ್ಮನ ತೊಡೆಯ ಮೇಲೆ ಕೂರಿಸಿದಳು. ಅವನು, "ಅವ್ವಾ," ಎಂದು ಮರಳಿ ಕೈ ಚಾಚಿದ. ಅವಳು ಚಾಚಲಿಲ್ಲ. ಎರಡೂ ಕೈಯಲ್ಲಿ ಸೆರಗು ಒಡ್ಡಿದ್ದಳು. ಗಂಗಾಧರಯ್ಯ ತೌಡು ಸುರಿದ. ಗಾಳಿಗೆ ಒಂದಿಷ್ಟು ಹಾರಿಹೋಯಿತು.

ಮೂರು ವರ್ಷದ ಹಿಂದೆ ಮೀನಾಕ್ಷಮ್ಮ, ತಾನು ಹೆತ್ತ ನಾಲ್ಕನೆಯದಾದರೂ ಉಳಿಯಲೆಂದು ಹಸಿಗೂಸನ್ನು ಮೊರದಲ್ಲಿ ಮಲಗಿಸಿ, ಸಾವು ಆಗಲೇ ಬಂದುಹೋದ ಮನೆಗೆ ಮತ್ತೆ ಬಾರದೆಂದು ನಂಬಿ, ಮೂರು ತುಂಬಿದ ಮೇಲೆ ಮರಳಿ ಕೊಳ್ಳುವ ಮಾತಿನ ಮೇಲೆ ಗೌರಮ್ಮನಿಗೆ ಮಾರಿದ್ದು ಇಷ್ಟೇ ತೌಡಿಗೆ.