ಸಾಹೇಬನ ಬೀಳ್ಕೊಡುಗೆ

ಇದು ಕಟ್ಟಿ ಹೇಳಿದ್ದಲ್ಲ, ಹಾನಗಲ್ಲಿನ ಕಾಲೇಜೊಂದರ ವೇದಿಕೆಯಲ್ಲಿ ನಡೆದದ್ದೇ. ನಾಟಕದಲ್ಲಿ ಘಾನಾ ದೇಶಕ್ಕೆ ಸ್ವಾತಂತ್ರ್ಯ ಸಿಗಲು ಒಂದೇ ಮಾತು ಬಾಕಿಯಿತ್ತು. ನಾಯಕನ ಪಾತ್ರದ ಚನ್ನೇಶ ‘ಇನ್ನು ಈ ನೆಲ ನಮ್ಮದು’ ಎಂದರೆ, ಇಂಗ್ಲಿಷ್ ಸಾಹೇಬನಾಗಿದ್ದ ಮುಬಶೀರ ತೆಪ್ಪಗೆ ಹೊರನಡೆಯಬೇಕು. ಜನರೆದುರು ಬಾಯಿ ಬಿಡದ ಮಗ ಚನ್ನೇಶ ಇವತ್ತಾದರೂ ಮಾತಾಡುತ್ತಾನೆಂದು ಸರೋಜವ್ವ ರಟ್ಟೀಹಳ್ಳಿಯಿಂದ ಬಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಳು.

ಆ ಮಾತು ಬರುವ ಮೊದಲೇ, ಗೆಳೆಯನನ್ನು ಕೆಣಕಲೆಂದು ಮುಬಶೀರ ಕುರ್ಚಿಯಿಂದೇಳುತ್ತ ಚನ್ನೇಶನ ಸೋದರಮಾವನ ದನಿಯನ್ನೇ ಕೆಮ್ಮಿನ ಸಮೇತ ತೆಗೆದ. “ಹೊತ್ತಾತಪಾ ಚನ್ನೇಶ, ನಾ ಇನ್ನ ಬರ್ತೇನಿ.”

ಚನ್ನೇಶ ಗಲಿಬಿಲಿಗೊಂಡ. ತಾನೀಗ ಘಾನಾದಲ್ಲಿದ್ದಾನೋ ಮನೆಯ ಪಡಸಾಲೆಯಲ್ಲೋ ಒಂದೂ ತಿಳಿಯಲಿಲ್ಲ. ಕಲಿತ ಮಾತು ಮರೆತು, ಹೊರಟವರಿಗೆಲ್ಲ ಮನೆಯಲ್ಲಿ ಹೇಳುವ ಮಾತು ಬಾಯಿಗೆ ಬಂತು. “ಹಂಗ ಹೊಂಟ್ರ ಹೆಂಗ ಮಾಮಾ? ಕುಂದರ್ರಿ, ಚಾ ಕುಡದು ಹೋಗ್ರಿ.”

ಸಾಹೇಬ ಮತ್ತೆ ಕುರ್ಚಿಯಲ್ಲಿ ಕುಳಿತ. “ಸಕ್ಕರಿ ಕಮ್ಮಿ ಇರ್ಲಿ.”

“ಹೋಗೂ ಸಾಹೇಬನ್ನ ಯಾಕ ಕುಂದರಸ್ತೀಯೋ ಖೋಡಿ?” ಎಂದು ಸರೋಜವ್ವ ಕೂಗಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ಚನ್ನೇಶ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಮುಬಶೀರನ ತೋಳು ಹಿಡಿದು ಎಬ್ಬಿಸಿ, “ಚಾ ಹೊರಗ ಐತಿ, ನಡೀರಿ ಸಾಹೇಬ್ರ,” ಎಂದು ಮೈಕಿನೆದುರೇ ಎಲ್ಲರಿಗಿಂತ ಜೋರಾಗಿ ನಕ್ಕುಬಿಟ್ಟ.