ಫೈನಲ್ ಪಂದ್ಯದ ಕಲ್ಲು

ತನ್ನನ್ನು ಬೇಸ್‌ಬಾಲ್ ತಂಡದಿಂದ ಕೈಬಿಟ್ಟಿದ್ದಾಗಿ ತಿಳಿಸುವ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟಿದ್ದ ರುಸ್ನಾಕ್‌ನ ಅಂಗೈಗೆ, ಮೈದಾನ ನೋಡಿಕೊಳ್ಳುವ ಮುದುಕ ವೆಂಡೆಲ್ ಒಂದು ಕಲ್ಲು ಹಾಕಿದ. ಕಡಲೆಕಾಳಿಗಿಂತ ತುಸು ದೊಡ್ಡದು.

“ನೆನಪಿಗೆ ಇಟ್ಕೊಳ್ಳಪ್ಪ. ಆರು ವರ್ಷದ ಹಿಂದೆ ಫೈನಲ್‌ನಲ್ಲಿ ಕೊನೇ ಹೊಡೆತ ಹೊಡೆದ್ಯಲ್ಲ, ಆ ಚೆಂಡು ಸೀದಾ ಫೀಲ್ಡರ್ ಕೈಗೇ ಹೋಗ್ತಿತ್ತು. ನೆಲದಲ್ಲಿದ್ದ ಇದಕ್ಕೆ ತಾಗಿ ಪುಟಿದು ಅವನ ತಲೆ ಮೇಲೆ ಹಾರ್ತು. ಮಾರನೇ ದಿನ ಮಣ್ಣು ಸಮ ಮಾಡೋವಾಗ ಚೆಂಡು ಪುಟಿದ ಜಾಗದಲ್ಲೇ ಸಿಕ್ತು.”

ರುಸ್ನಾಕ್ ನಗಲು ಹೋದ, ಆಗಲಿಲ್ಲ. ಪಂದ್ಯ ಗೆಲ್ಲಿಸಿದ ಆ ಹೊಡೆತದಿಂದಲೇ ಊರು ಅವನನ್ನು ‘ಕೊನೇ ಗಳಿಗೆಯ ಗಂಡು’ ಎಂದು ಕರೆದಿತ್ತು. ಈಗ ಅರ್ಧ ಗಂಟೆಯ ಹಿಂದೆ ಮ್ಯಾನೇಜರ್ ಅಂಕಿಅಂಶಗಳನ್ನು ಮುಂದಿಟ್ಟು, ಪಂದ್ಯ ಕೈಜಾರುವ ಹೊತ್ತಿನಲ್ಲಿ ಅವನಿಗೆ ಹೊಡೆತ ಸಿಕ್ಕಿದ್ದು ನಾಲ್ಕರಲ್ಲಿ ಒಂದು ಸಲ, ಉಳಿದ ಹೊತ್ತಿನಲ್ಲೂ ಅಷ್ಟೇ ಎಂದಾಗ, “ಗುಂಡಿಗೆಗೂ ಲೆಕ್ಕ ಇಡ್ತೀರೇನ್ರೀ?” ಎಂದು ಮೇಜು ಕುಟ್ಟಿ ಎದ್ದು ಬಂದಿದ್ದ.

“ಅವತ್ತೇ ಯಾಕಜ್ಜ ಕೊಡ್ಲಿಲ್ಲ?”

“ಊರಿಗೆ ಊರೇ ನಿನ್ನನ್ನ ಹೆಗಲ ಮೇಲೆ ಹೊತ್ಕೊಂಡು ಕುಣೀತಿತ್ತು ಕಣೋ. ಯಾವ ಬಾಯಲ್ಲಿ ಹೇಳ್ಲಿ?”

“ಹೇಳ್ಬೇಕಿತ್ತು. ಆಟ ಸಾಕು, ಮನೆಗೆ ಬಾ ಅಂತ ಹೆಂಡ್ತಿ ಕಾರ್ಲಾ ಆ ವರ್ಷವೇ ಅತ್ತಿದ್ಲು. ನನ್ನಂಥೋನು ಆಟ ಬಿಡೋದಾ ಅಂತ ನಕ್ಕುಬಿಟ್ಟೆ. ಈಗ ನನ್ನ ಮಗಳು ಇನ್ಯಾರನ್ನೋ ಅಪ್ಪ ಅಂತಾಳೆ.”

ಮುದುಕನ ಮುಖ ಕಪ್ಪಿಟ್ಟಿತು. ಕಲ್ಲನ್ನು ವಾಪಸು ತೆಗೆದುಕೊಳ್ಳಲು ಕೈ ಚಾಚಿದ. ರುಸ್ನಾಕ್‌ನ ಮುಷ್ಟಿ ಬಿಚ್ಚಲಿಲ್ಲ.