ಬಾಡಿಗೆಗೆ ಮುಂಚೆ ಒಂದು ದಮ್ಮು

ಇ-ಸಿಗರೇಟಿನ ಹೊಗೆಯು, ಸೇದುವವರ ಮನಸ್ಸಿನಲ್ಲಿ ಏನಿದೆಯೋ ಅದರ ಆಕಾರ ತಾಳತೊಡಗಿದ ಮೇಲೆ ಬೆಂಗಳೂರಿನಲ್ಲಿ ನೂರಕ್ಕೆ ತೊಂಬತ್ತು ವಯಸ್ಕರು ಸೇದುತ್ತಿದ್ದರು. ಉಳಿದವರಿಗೆ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಸೇದದವರು ಏನನ್ನೋ ಮುಚ್ಚಿಡುತ್ತಾರೆಂಬುದು ಮನೆ ಮಾಲೀಕರ ನಂಬಿಕೆ.

ಮದ್ದೂರಿನ ಕಡೆಯ ಬೋರಲಿಂಗ ಅದಕ್ಕೇ ಎರಡು ವಾರ ಕೆಮ್ಮಿ ಕೆಮ್ಮಿ ಸೇದಲು ಕಲಿತಿದ್ದ. ಇದು ಹನ್ನೊಂದನೆಯ ಮನೆ. ಇದೂ ಸಿಗದಿದ್ದರೆ ಹೆಂಡತಿ ಮಗುವನ್ನೆತ್ತಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಹೊರಡುವವಳಿದ್ದಳು.

"ಮನೇಲಿ ಕೋಳಿ, ಕುರಿ ಮಾಡ್ತೀರಾ?" ಎಂದು ಮನೆಯೊಡತಿ ಅಂಬುಜಾಕ್ಷಮ್ಮ ಕೇಳಿದರು.

"ಅಯ್ಯೋ, ಮುಟ್ಟಲ್ಲ ಕಣಮ್ಮ. ಮುದ್ದೆ, ಸೊಪ್ಪಿನ ಸಾರು, ಅಷ್ಟೇಯ."

"ಹಾಗಾದ್ರೆ ಒಂದು ದಮ್ಮು ಎಳೀರಿ, ನೋಡೋಣ."

ಬೋರಲಿಂಗ ಕಣ್ಣು ಮುಚ್ಚಿ, ದಂಟಿನ ಸೊಪ್ಪನ್ನೇ ನೆನೆಯುತ್ತಾ ಎಳೆದು ಬಿಟ್ಟ. ಮೊದಲು ಸೊಪ್ಪಿನ ಕಟ್ಟು ಬಂತು. ಅದರ ಹಿಂದೆಯೇ ಹುಂಜವೊಂದು ಜುಟ್ಟು ನಿಮಿರಿಸಿಕೊಂಡು ಬಂದು ಸೊಪ್ಪಿನ ಮೇಲೆ ನಿಂತಿತು.

"ಗೊತ್ತಾಯ್ತು, ಹೊರಡಿ," ಎಂದು ಅಂಬುಜಾಕ್ಷಮ್ಮ ಬಾಗಿಲಿಗೆ ಕೈ ಹಾಕಿದರು.

ಒಳಗೆ ಪೇಪರ್ ಓದುತ್ತಾ ಸೇದುತ್ತಿದ್ದ ಅವರ ಗಂಡ ಸುಬ್ಬರಾಯರು ಅದೇ ಹೊತ್ತಿಗೆ ಹೊಗೆ ಬಿಟ್ಟರು. ತಟ್ಟೆ ತುಂಬ ಬಿರಿಯಾನಿ, ಮೇಲೊಂದು ಕೋಳಿಕಾಲು, ಪಕ್ಕಕ್ಕೆ ಹೆಚ್ಚಿದ ನಿಂಬೆಹಣ್ಣು. ಅದು ನಿಧಾನವಾಗಿ ಹಜಾರ ದಾಟಿ ಬಂದು ಹುಂಜದ ಪಕ್ಕ ನಿಂತಿತು.

ಎರಡೂ ಕರಗಿದ ಮೇಲೆ ಅಂಬುಜಾಕ್ಷಮ್ಮ ಬಾಗಿಲಿನಿಂದ ಕೈ ತೆಗೆದರು.

"ಭಾನುವಾರ ಅಡುಗೆ ಮಾಡೋವಾಗ ಕಿಟಕಿ ಹಾಕ್ಕೊಳ್ಳಿ," ಎಂದು ಅಂಬುಜಾಕ್ಷಮ್ಮ ಬೀಗದ ಕೈ ಕೊಟ್ಟರು.

"ನಮ್ಮ ಕಡೆಯ ಕಿಟಕಿ ಒಂದು ತೆಗೆದಿರ್ಲಿ ಬಿಡಿ," ಎಂದರು ರಾಯರು, ಪೇಪರ್ ಇಳಿಸದೆ.